ಟೂಲ್‌ಕಿಟ್ ಇಲ್ಲದೆ ನೇರವಾಗಿ ಎಕ್ಸ್‌ಸಿಬಿ, ವೇಲ್ಯಾಂಡ್ ಕಲಿಯುವುದು ಹೇಗೆ? ಕಲಿತದ್ದನ್ನು ಡಾಕ್ಸ್ ಮಾಡುವುದು ಹೇಗೆ?

ಬಿಳಿಹಾಳೆ:

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಸಣ್ಣ ಓಪನ್ ಸೋರ್ಸ್ ಡ್ರಾಯಿಂಗ್ ಲೈಬ್ರರಿಗೆ ಆಗಾಗ ಪ್ಯಾಚ್ ಕಳಿಸುತ್ತಿರುತ್ತೇನೆ. ಸಿ ಭಾಷೆಯದು. ಮೇಲಿನ ಪದರಕ್ಕೆ ಡಾಕ್ಸ್ (ಬಳಸುವವರಿಗೆ ಬರೆದ ವಿವರಣೆ) ಚೆನ್ನಾಗಿದೆ. ಗೆರೆ ಎಳೆಯುವುದು, ಚೌಕ ತುಂಬುವುದು, ಅಕ್ಷರ ಬರೆಯುವುದು, ಎಲ್ಲವೂ ಉದಾಹರಣೆ ಸಮೇತ ಇದೆ. ಅದರ ಕೆಳಗೆ ವಿಂಡೋ ತೆರೆದು ಪರದೆಗೆ ಪಿಕ್ಸೆಲ್ ಕಳಿಸುವ ನೇಟಿವ್ ಪದರ ಇದೆಯಲ್ಲ, ಅದಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಎಕ್ಸ್‌ಸಿಬಿ (ಲಿನಕ್ಸ್‌ನಲ್ಲಿ ಪರದೆ ನೋಡಿಕೊಳ್ಳುವ ಎಕ್ಸ್ ಸರ್ವರ್ ಜೊತೆ ಮಾತಾಡುವ ಸಿ ಲೈಬ್ರರಿ) ಮೇಲೆ ಬರೆದ ಒಂದು ಫೈಲ್, ವೇಲ್ಯಾಂಡ್‌ಗೆ (ಎಕ್ಸ್‌ನ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಅರ್ಧಕ್ಕೆ ನಿಂತ ಇನ್ನೊಂದು, ವಿಂಡೋಸ್‌ಗೆ ಮತ್ತೊಂದು. ಬರೆದವರು ಈಗ ಈ ಕಡೆ ಬರುವುದೇ ಇಲ್ಲ. ಮೇಂಟೇನರ್ ಹತ್ತಿರ ಈ ಮಾತು ಎತ್ತಿದ್ದಕ್ಕೆ "ನೀವೇ ಕಲಿತು ಬರೆಯಿರಿ, ಸೇರಿಸುತ್ತೇನೆ" ಅಂದರು. ನಾನೂ ಹೂಂ ಅಂದುಬಿಟ್ಟೆ.

ಈಗ ಒದ್ದಾಡುತ್ತಿದ್ದೇನೆ. ಹೆಡರ್ ಫೈಲ್ ತೆರೆದು ಮೇಲಿನಿಂದ ಒಂದೊಂದೇ ಫಂಕ್ಷನ್‌ಗೆ ಕಾಮೆಂಟ್ ಬರೆಯುತ್ತಾ ಹೋದೆ. "ವಿಂಡೋ ತೆರೆಯುವ ಫಂಕ್ಷನ್: ಇದು ವಿಂಡೋ ತೆರೆಯುತ್ತದೆ." ಇಂಥವು ನಲವತ್ತು ಆದ ಮೇಲೆ ಓದಿ ನೋಡಿದೆ, ನನಗೇ ನಗು ಬಂತು. ಹೆಸರಲ್ಲೇ ಇರುವುದನ್ನು ಎರಡನೇ ಸಲ ಹೇಳಿದ್ದೇನೆ, ಅಷ್ಟೇ.

ಸರಿ, ಮೊದಲು ಕಲಿಯೋಣ ಅಂತ ಲೈಬ್ರರಿ ಬಿಟ್ಟು ನಾನೇ ಒಂದು ಪುಟ್ಟ ಎಕ್ಸ್‌ಸಿಬಿ ಪ್ರೋಗ್ರಾಂ ಬರೆದೆ. ಬಿಳಿ ವಿಂಡೋ ತೆರೆಯಬೇಕು, ಕೀ ಒತ್ತಿದರೆ ಒಂದು ಸಾಲು ಪ್ರಿಂಟ್ ಆಗಬೇಕು, ಬೇರೇನೂ ಬೇಡ. ವಿಂಡೋ ಬಂತು, ಆದರೆ ಗಾಢ ಹಸಿರು! ಹಸಿರು ಅನ್ನುವ ಬಣ್ಣ ನನ್ನ ಕೋಡಿನಲ್ಲಿ ಎಲ್ಲೂ ಇಲ್ಲ. ಮೌಸ್ ಸ್ವಲ್ಪ ಅಲ್ಲಾಡಿಸಿದರೆ ನಾನು ಕೇಳದ ಈವೆಂಟ್‌ಗಳು ಸುರಿಯುತ್ತವೆ. ವಿಂಡೋ ಮೂಲೆ ಹಿಡಿದು ಎಳೆದರೆ ಚೌಕಟ್ಟು ಮಾತ್ರ ದೊಡ್ಡದಾಗುತ್ತದೆ, ಒಳಗಿನ ಹಸಿರು ಇದ್ದಷ್ಟೇ ಇರುತ್ತದೆ. ಎರರ್ ಒಂದೂ ಇಲ್ಲ. ವಿಂಡೋ ತೆರೆಯುವ ಕಡೆ ನಾನು ಕೊಟ್ಟದ್ದು ಇಷ್ಟು: ಏನೇನು ಹೊಂದಿಸುತ್ತಿದ್ದೇನೆ ಅಂತ ಹೇಳುವ ಮಾಸ್ಕ್‌ನಲ್ಲಿ ಈವೆಂಟ್ ಮಾಸ್ಕ್ (ಯಾವ ಈವೆಂಟ್ ಬೇಕು ಅನ್ನುವುದು) ಮತ್ತು ಬ್ಯಾಕ್ ಪಿಕ್ಸೆಲ್ (ಹಿನ್ನೆಲೆ ಬಣ್ಣ) ಎರಡೂ ಬಿಟ್‌ಗಳು, ಜೊತೆಗೆ ಬೆಲೆಗಳ ಅರೇ, ಅದರಲ್ಲಿ ಮೊದಲು ಎಕ್ಸ್‌ಪೋಶರ್ (ವಿಂಡೋ ಮತ್ತೆ ಬಿಡಿಸಬೇಕಾದಾಗ ಬರುವ ಈವೆಂಟ್) ಮತ್ತು ಕೀ ಪ್ರೆಸ್, ಆಮೇಲೆ ಸ್ಕ್ರೀನಿನ ವೈಟ್ ಪಿಕ್ಸೆಲ್.

ಕೇಳಬೇಕಾದದ್ದು ಏನಂದರೆ, ಇದನ್ನು ಯಾವ ದಾರಿಯಲ್ಲಿ ಕಲಿಯಬೇಕು? ಎಕ್ಸ್ ಮೊದಲೋ ವೇಲ್ಯಾಂಡ್ ಮೊದಲೋ? ಮತ್ತೆ ಇಂಥ ಪದರಕ್ಕೆ ಡಾಕ್ಸ್ ಅಂತ ಏನು ಬರೆದರೆ ಇನ್ನೊಬ್ಬರಿಗೆ ನಿಜವಾಗಿ ಉಪಯೋಗ ಆಗುತ್ತದೆ?

ಸುಮ್ನೆಕೋಡು:

ಗುರು, ಎಸ್‌ಡಿಎಲ್ ಇದೆ, ಜಿಎಲ್‌ಎಫ್‌ಡಬ್ಲ್ಯೂ ಇದೆ. ವಿಂಡೋ ತೆರೆಯುವ ಕೆಲಸ ಅವು ಎಷ್ಟೋ ವರ್ಷದಿಂದ ಮಾಡುತ್ತಿವೆ. ಆ ಮೂರು ಫೈಲ್ ಕಿತ್ತು ಹಾಕಿ ಎಸ್‌ಡಿಎಲ್ ಕೂರಿಸಿಬಿಡಿ, ಡಾಕ್ಸ್ ಬರೆಯುವ ತಲೆನೋವೇ ಇರುವುದಿಲ್ಲ. ಸುಮ್ನೆ ಯಾಕೆ ಒದ್ದಾಡ್ತೀರಾ?

ಕೆಳಪದರ:

ಮೊದಲು ಹಸಿರಿನ ಕಥೆ ಮುಗಿಸೋಣ, ನನಗೆ ಇದು ಬಹಳ ಖುಷಿ ಕೊಟ್ಟಿತು.

ಎಕ್ಸ್‌ಸಿಬಿಯಲ್ಲಿ ಬೆಲೆಗಳ ಅರೇ ನೀವು ಮಾಸ್ಕ್ ಬರೆದ ಕ್ರಮದಲ್ಲಿ ಇರಬಾರದು, ಬಿಟ್‌ಗಳ ಕ್ರಮದಲ್ಲಿ ಇರಬೇಕು. ಚಿಕ್ಕ ಬಿಟ್‌ನ ಬೆಲೆ ಮೊದಲು. ಬ್ಯಾಕ್ ಪಿಕ್ಸೆಲ್ ಬಿಟ್ ಅಂದರೆ ಸಂಖ್ಯೆ 2, ಈವೆಂಟ್ ಮಾಸ್ಕ್ ಬಿಟ್ ಅಂದರೆ 2048. ಹಾಗಾಗಿ ಸರ್ವರ್ ನಿಮ್ಮ ಅರೇಯ ಮೊದಲನೇ ಸಂಖ್ಯೆಯನ್ನು ಬಣ್ಣ ಅಂತಲೇ ಓದಿತು. ಅಲ್ಲಿ ಏನಿತ್ತು? ಎಕ್ಸ್‌ಪೋಶರ್ ಅಂದರೆ 32768, ಕೀ ಪ್ರೆಸ್ ಅಂದರೆ 1, ಒಟ್ಟು 32769. ಇದನ್ನು ಕೆಂಪು, ಹಸಿರು, ನೀಲಿ ಅಂತ ಎಂಟೆಂಟು ಬಿಟ್ ಒಡೆದು ನೋಡಿ: ಕೆಂಪು 0, ಹಸಿರು 128, ನೀಲಿ 1. ಬಂತಲ್ಲ ನಿಮ್ಮ ಗಾಢ ಹಸಿರು!

ಇನ್ನು ಎರಡನೇ ಸಂಖ್ಯೆ, ಅಂದರೆ ಬಿಳಿ. 24 ಬಿಟ್ ಪರದೆಯಲ್ಲಿ ಬಿಳಿ ಅಂದರೆ 16777215, ಅಂದರೆ 24 ಬಿಟ್‌ಗಳೂ 1. ಅದು ಈವೆಂಟ್ ಮಾಸ್ಕ್ ಆಗಿ ಹೋಯಿತು. "ನನಗೆ ಎಲ್ಲಾ ಈವೆಂಟ್ ಕೊಡು" ಅಂತ ನೀವು ಕೇಳಿದ ಹಾಗಾಯಿತು, ಅದಕ್ಕೇ ಮೌಸ್ ಸುರಿಮಳೆ. ಆ ರಾಶಿಯಲ್ಲಿ ರಿಸೈಜ್ ರಿಡೈರೆಕ್ಟ್ ಅನ್ನುವ ಬಿಟ್ ಕೂಡ ಸೇರಿದೆ. ಅದು ಇದ್ದರೆ ವಿಂಡೋ ಮ್ಯಾನೇಜರ್ (ವಿಂಡೋಗಳ ಚೌಕಟ್ಟು, ಅಳತೆ, ಜಾಗ ನೋಡಿಕೊಳ್ಳುವ ಪ್ರೋಗ್ರಾಂ) ನಿಮ್ಮ ವಿಂಡೋ ಅಳತೆ ಬದಲಿಸಲು ಹೋದಾಗ ಸರ್ವರ್ ಬದಲಿಸುವುದಿಲ್ಲ, ಬದಲಿಗೆ ನಿಮಗೊಂದು ಈವೆಂಟ್ ಕಳಿಸಿ "ಹೀಗೆ ಕೇಳುತ್ತಿದ್ದಾರೆ, ನೀನೇ ನೋಡಿಕೋ" ಅನ್ನುತ್ತದೆ. ನೀವು ನೋಡಿಕೊಳ್ಳಲಿಲ್ಲ. ಚೌಕಟ್ಟು ಬೆಳೆಯಿತು, ಒಳಗಿನದು ಬೆಳೆಯಲಿಲ್ಲ.

ಎರರ್ ಯಾಕೆ ಬರಲಿಲ್ಲ ಅಂದರೆ, ಎರಡೂ ಸಂಖ್ಯೆಗಳು ಆಯಾ ಜಾಗದಲ್ಲಿ ಸಿಂಧು. ಕೊನೆಗೆ _ಚೆಕ್ಡ್ ಅಂತ ಇರುವ ರೂಪ ಬಳಸಿ ರಿಕ್ವೆಸ್ಟ್ ಚೆಕ್ ಮಾಡಿದ್ದರೂ ಸಿಗುತ್ತಿರಲಿಲ್ಲ. ಎರಡನ್ನೂ ಅದಲು ಬದಲು ಮಾಡಿ, ಸರಿಹೋಗುತ್ತದೆ. ಇಲ್ಲವೇ _ಆಕ್ಸ್ ಅಂತ ಬಾಲ ಇರುವ ಕ್ರಿಯೇಟ್ ವಿಂಡೋ ಬಳಸಿ, ಅದು ಅರೇ ಬದಲು ಸ್ಟ್ರಕ್ಟ್ ತೆಗೆದುಕೊಳ್ಳುತ್ತದೆ, ಹೆಸರಿರುವ ಫೀಲ್ಡ್‌ಗಳಲ್ಲಿ ಕ್ರಮ ತಪ್ಪುವ ಪ್ರಶ್ನೆ ಇಲ್ಲ.

ಕಲಿಯುವ ದಾರಿ ಕೇಳಿದಿರಿ. ಈಗ ಮಾಡಿದ್ದೇ ದಾರಿ. ಲೈಬ್ರರಿಯ ಮೂರು ಸಾವಿರ ಸಾಲು ಓದುತ್ತಾ ಕೂರಬೇಡಿ, ನೂರು ಸಾಲಿನ ನಿಮ್ಮದೇ ಪ್ರೋಗ್ರಾಂ ಬರೆದು ಅದನ್ನು ಬೇಕಂತಲೇ ಕೆಡಿಸಿ. ಫ್ಲಶ್ ಕರೆಯುವ ಸಾಲು ತೆಗೆದು ನೋಡಿ. ವಿಂಡೋ ಬರುವುದೇ ಇಲ್ಲ, ಯಾಕಂದರೆ ಎಕ್ಸ್‌ಸಿಬಿಯ ಫಂಕ್ಷನ್‌ಗಳು ಕೆಲಸ ಮಾಡುವುದಿಲ್ಲ, ಕೆಲಸದ ಚೀಟಿ ಬರೆದು ಬಫರ್‌ಗೆ ಹಾಕುತ್ತವೆ, ಅಷ್ಟೇ. ಬಫರ್ ತುಂಬಿದಾಗಲೋ, ಉತ್ತರ ಬೇಕು ಅಂತ ಕಾದಾಗಲೋ, ನೀವೇ ಫ್ಲಶ್ ಮಾಡಿದಾಗಲೋ ಅದು ಸರ್ವರ್‌ಗೆ ಹೋಗುತ್ತದೆ. ಆಮೇಲೆ ಎಕ್ಸ್‌ಪೋಸ್ ಈವೆಂಟ್‌ಗೆ ಉತ್ತರ ಕೊಡುವ ಭಾಗ ತೆಗೆಯಿರಿ, ಬಿಡಿಸಿದ ಚಿತ್ರ ಕಾಣೆಯಾಗುತ್ತದೆ. ನೀವು ಬಿಡಿಸಿದ್ದನ್ನು ನೆನಪಿಟ್ಟುಕೊಳ್ಳುವುದು ಸರ್ವರ್ ಕೆಲಸ ಅಲ್ಲ, ಅದು ಕೇಳಿದಾಗಲೆಲ್ಲ ನೀವು ಮತ್ತೆ ಬಿಡಿಸಬೇಕು. ಆಮೇಲೆ ವಿಂಡೋ ಮುಚ್ಚುವ ಗುಂಡಿ ಒತ್ತಿ. ಡಿಲೀಟ್ ವಿಂಡೋ ಅನ್ನುವ ಆಟಂ (ಎಕ್ಸ್ ಸರ್ವರ್ ಒಂದು ಹೆಸರಿಗೆ ಕೊಡುವ ಸಂಖ್ಯೆ) ಅನ್ನು ಪ್ರೋಟೋಕಾಲ್ಸ್ ಪಟ್ಟಿಗೆ ಹಾಕದೇ ಇದ್ದರೆ ನಿಮಗೆ ಒಂದು ಮಾತೂ ಹೇಳದೆ ಕನೆಕ್ಷನ್ನೇ ಕತ್ತರಿಸಿ ಬಿಡುವ ವಿಂಡೋ ಮ್ಯಾನೇಜರ್‌ಗಳೇ ಜಾಸ್ತಿ.

ಎಕ್ಸ್‌ಟ್ರೇಸ್ ಅನ್ನುವ ಟೂಲ್ ಹಾಕಿಕೊಳ್ಳಿ. ನಿಮ್ಮ ಪ್ರೋಗ್ರಾಂ ಮತ್ತು ಸರ್ವರ್ ನಡುವೆ ಕೂತು ಹೋಗುವ ಬರುವ ಪ್ರತಿ ಮಾತನ್ನೂ ತೋರಿಸುತ್ತದೆ. ನಿಮ್ಮ ಹಸಿರು ಅಲ್ಲಿ ಒಂದೇ ಸಾಲಿನಲ್ಲಿ ಸಿಕ್ಕಿಬೀಳುತ್ತಿತ್ತು.

@ಸುಮ್ನೆಕೋಡು, ಎಸ್‌ಡಿಎಲ್ ಒಳಗೂ ಯಾರೋ ಕೂತು ಇದನ್ನೇ ಬರೆದಿದ್ದಾರೆ ಅಲ್ವಾ? ಅವರೂ ಎಲ್ಲೋ ಕಲಿತವರೇ.

ಸುಮ್ನೆಕೋಡು:

ಒಪ್ಪಿದೆ ಒಪ್ಪಿದೆ. ಹಾಗಾದರೆ ಕಲಿಯಲಿಕ್ಕಾದರೂ ಎಸ್‌ಡಿಎಲ್ ಸೋರ್ಸ್ ತೆರೆದಿಟ್ಟುಕೊಳ್ಳಿ. ವಿಡಿಯೋ ಫೋಲ್ಡರ್ ಒಳಗೆ ಎಕ್ಸ್11ಗೆ ಒಂದು, ವೇಲ್ಯಾಂಡ್‌ಗೆ ಒಂದು, ವಿಂಡೋಸ್‌ಗೆ ಒಂದು, ಎಲ್ಲಾ ಬೇರೆ ಬೇರೆ ಇದೆ. ಯಾವುದೋ ವಿಂಡೋ ಮ್ಯಾನೇಜರ್ ವಿಚಿತ್ರವಾಗಿ ಆಡುತ್ತದೆ ಅಂತ ಹಾಕಿದ ಅಡ್ಡದಾರಿಗಳ ಪಕ್ಕದಲ್ಲಿ ಕಾಮೆಂಟ್ ಇರುತ್ತದೆ, ಓದಲು ಮಜಾ. ಝಡ್‌ಲಿಬ್ ಲೈಸೆನ್ಸ್, ನೋಡಿ ಕಲಿಯಲು ಏನೂ ತೊಂದರೆ ಇಲ್ಲ.

ಎಕ್ಸ್‌ಎಂಎಲ್‌ಪ್ರಿಯ:

ವೇಲ್ಯಾಂಡ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಯಾವುದು ಮೊದಲು ಅಂದರೆ ನನ್ನ ಮತ ಎಕ್ಸ್‌ಸಿಬಿ. ಎಕ್ಸ್11 ಬಂದದ್ದು 1987ರಲ್ಲಿ, ವೇಲ್ಯಾಂಡ್ ಶುರುವಾದದ್ದು 2008ರಲ್ಲಿ, ಹಳೆಯದನ್ನು ಯಾಕೆ ಕಲಿಯಬೇಕು ಅಂತ ಕೇಳಬಹುದು. ಎಕ್ಸ್‌ನಲ್ಲಿ ಅರ್ಧಂಬರ್ಧ ಸರಿ ಮಾಡಿದರೂ ಏನೋ ಒಂದು ಕಾಣುತ್ತದೆ, ನಿಮ್ಮ ಹಸಿರು ಕಂಡ ಹಾಗೆ. ವೇಲ್ಯಾಂಡ್‌ನಲ್ಲಿ ಪೂರ್ತಿ ಸರಿ ಆಗುವ ತನಕ ಏನೂ ಕಾಣುವುದಿಲ್ಲ. ಮೊದಲ ವಾರದಲ್ಲೇ ಮನಸ್ಸು ಮುರಿಯುತ್ತದೆ.

ನನಗೆ ಆದದ್ದು ಹೇಳುತ್ತೇನೆ. ಸರ್ಫೇಸ್ (ಚಿತ್ರ ಕೂರುವ ಜಾಗ) ಮಾಡಿದೆ, ಅದಕ್ಕೆ ಟಾಪ್‌ಲೆವೆಲ್ (ಸಾಮಾನ್ಯ ವಿಂಡೋ) ಪಾತ್ರ ಕೊಟ್ಟೆ, ಬಫರ್ ಅಂಟಿಸಿ ಕಮಿಟ್ ಮಾಡಿದೆ. ಪ್ರೋಟೋಕಾಲ್ ಎರರ್, ಕನೆಕ್ಷನ್ ಖತಂ. ಕ್ರಮ ಬೇರೆ ಇತ್ತು. ಮೊದಲು ಬಫರ್ ಇಲ್ಲದೆ ಖಾಲಿ ಕಮಿಟ್ ಮಾಡಬೇಕು. ಆಗ ಕಂಪೋಸಿಟರ್ (ವೇಲ್ಯಾಂಡ್‌ನಲ್ಲಿ ಸರ್ವರ್ ಕೆಲಸ ಮಾಡುವ ಪ್ರೋಗ್ರಾಂ) ಒಂದು ಕಾನ್ಫಿಗರ್ ಈವೆಂಟ್ ಕಳಿಸುತ್ತದೆ, ಅದರಲ್ಲಿ ಒಂದು ಸೀರಿಯಲ್ ನಂಬರ್ ಇರುತ್ತದೆ. ಆ ನಂಬರ್ ಹಿಡಿದು "ತಲುಪಿತು" ಅಂತ ಆಕ್ ಮಾಡಬೇಕು. ಆಮೇಲೆ ಬಫರ್ ಅಂಟಿಸಬೇಕು, ಮತ್ತೆ ಕಮಿಟ್. ಇದರ ಮಧ್ಯೆ ಪಿಂಗ್ ಬಂದರೆ ಪಾಂಗ್ ಕಳಿಸಬೇಕು, ಇಲ್ಲವಾದರೆ ಪ್ರೋಗ್ರಾಂ ನಿಂತುಹೋಗಿದೆ ಅಂತ ಕಂಪೋಸಿಟರ್ ತೀರ್ಮಾನ ಮಾಡಬಹುದು.

ಬಫರ್ ಕೂಡ ನೀವೇ ತರಬೇಕು. 640 ಅಗಲ, 480 ಎತ್ತರ ಅಂದರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ ಒಂದು ಸಾಲಿಗೆ 2560 ಬೈಟ್, ಒಟ್ಟು 1228800 ಬೈಟ್. ಅಷ್ಟು ಮೆಮೊರಿ ಹಂಚಿಕೊಂಡು ಎಂಮ್ಯಾಪ್ ಮಾಡಿ, ಅದರ ಫೈಲ್ ಡಿಸ್ಕ್ರಿಪ್ಟರ್ ಕಂಪೋಸಿಟರ್ ಕೈಗೆ ಕೊಡಬೇಕು. ಕೊಟ್ಟ ಮೇಲೆ ರಿಲೀಸ್ ಈವೆಂಟ್ ಬರುವ ತನಕ ಆ ಬಫರ್ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಎರರ್ ಬರುವುದಿಲ್ಲ, ಚಿತ್ರ ಆಗಾಗ ಹರಿದ ಹಾಗೆ ಕಾಣುತ್ತದೆ. ನಾನು ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನಪಟ್ಟು ಎರಡು ದಿನ ಹಾಳು ಮಾಡಿದೆ.

ಇಷ್ಟೆಲ್ಲ ಆದ ಮೇಲೆ ವಿಂಡೋ ಬಂತು, ಆದರೆ ಟೈಟಲ್ ಬಾರ್ ಇಲ್ಲ. ಕೆಲವು ಕಂಪೋಸಿಟರ್‌ಗಳು ಕೇಳಿದರೆ ಹಾಕಿಕೊಡುತ್ತವೆ. ಗ್ನೋಮ್‌ನದು ಹಾಕುವುದಿಲ್ಲ, ನೀವೇ ಬಿಡಿಸಿಕೊಳ್ಳಬೇಕು. ನಿಮ್ಮ ಲೈಬ್ರರಿಯ ಆ ಫೈಲ್ ಅರ್ಧಕ್ಕೆ ನಿಂತದ್ದು ಬಹುಶಃ ಇಲ್ಲೇ ಇರಬೇಕು. ಬರೆದವರ ಕಷ್ಟ ನನಗೆ ಅರ್ಥ ಆಗುತ್ತದೆ.

ಒಳ್ಳೆಯ ಸುದ್ದಿಯೂ ಇದೆ. ಪ್ರೋಟೋಕಾಲ್ ಪೂರ್ತಿ ಎಕ್ಸ್‌ಎಂಎಲ್ ಫೈಲ್‌ಗಳಲ್ಲಿದೆ. ವೇಲ್ಯಾಂಡ್ ಸ್ಕ್ಯಾನರ್ ಅದರಿಂದಲೇ ಸಿ ಕೋಡ್ ಹುಟ್ಟಿಸುತ್ತದೆ, ಅದರೊಳಗೇ ಪ್ರತಿ ರಿಕ್ವೆಸ್ಟ್‌ಗೂ ವಿವರಣೆ ಇದೆ, ತಪ್ಪು ಮಾಡಿದರೆ ಯಾವ ಎರರ್ ಅಂತ ಕೂಡ ಇದೆ. ಮತ್ತೆ ಪ್ರೋಗ್ರಾಂ ಓಡಿಸುವ ಮುಂಚೆ ವೇಲ್ಯಾಂಡ್_ಡೀಬಗ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ, ಹೆಸರು ಪೂರ್ತಿ ದೊಡ್ಡಕ್ಷರದಲ್ಲಿರಲಿ. ಎರಡೂ ಕಡೆಯ ಮಾತುಕತೆ ಟರ್ಮಿನಲ್‌ನಲ್ಲಿ ಬರುತ್ತದೆ, ಬೇರೆ ಟೂಲ್ ಬೇಕಿಲ್ಲ. ಸರಿಯಾಗಿ ಕೆಲಸ ಮಾಡುವ ಯಾವುದಾದರೂ ಪ್ರೋಗ್ರಾಂನ ಲಾಗ್ ಮತ್ತು ನಿಮ್ಮದರ ಲಾಗ್ ಪಕ್ಕ ಪಕ್ಕ ಇಟ್ಟು ನೋಡಿ, ಎಲ್ಲಿ ದಾರಿ ಬೇರೆಯಾಯಿತೋ ಅಲ್ಲೇ ನಿಮ್ಮ ತಪ್ಪು. ನಾನು ಕಲಿತದ್ದು ಮುಕ್ಕಾಲು ಪಾಲು ಹೀಗೆಯೇ.

ಮ್ಯಾನ್‌ಪೇಜ್:

ಡಾಕ್ಸ್ ಪ್ರಶ್ನೆಗೆ ಬರುತ್ತೇನೆ, ನನ್ನ ಹೊಟ್ಟೆಪಾಡೇ ಅದು.

ನಿಮ್ಮ ನಲವತ್ತು ಕಾಮೆಂಟ್ ಅಳಿಸಿಬಿಡಿ, ಬೇಸರ ಬೇಡ. ಫಂಕ್ಷನ್ ಏನು ಮಾಡುತ್ತದೆ ಅನ್ನುವುದು ನೇಟಿವ್ ಪದರದಲ್ಲಿ ಎಲ್ಲಕ್ಕಿಂತ ಕಡಿಮೆ ಬೇಕಾಗುವ ಮಾಹಿತಿ. ಓದುವವರಿಗೆ ಬೇಕಾದದ್ದು ಸಿ ಭಾಷೆಯ ಸಿಗ್ನೇಚರ್‌ನಲ್ಲಿ ಕಾಣದೇ ಇರುವುದು. ಈ ಪಾಯಿಂಟರ್ ಯಾರದು, ಯಾರು ಫ್ರೀ ಮಾಡಬೇಕು? ಇದನ್ನು ಕರೆಯುವ ಮುಂಚೆ ಏನು ಆಗಿರಬೇಕು? ಯಾವ ಥ್ರೆಡ್‌ನಿಂದ ಕರೆಯಬಹುದು? ತಪ್ಪಿದರೆ ಕಣ್ಣಿಗೆ ಏನು ಕಾಣುತ್ತದೆ?

ಮಾಲೀಕತ್ವದ ಬಗ್ಗೆ ಒಂದು ಮಾತು, ಯಾಕಂದರೆ ನಾನೇ ತಪ್ಪು ಮಾಡಿದ್ದೇನೆ. ಹಿಂದೆ ಒಂದು ಪ್ರಾಜೆಕ್ಟ್‌ನಲ್ಲಿ "ಕರೆದವರು ಫ್ರೀ ಮಾಡಬೇಕು" ಅಂತ ಬರೆದೆ. ಕೋಡ್ ಓದಿ ಬರೆದದ್ದಲ್ಲ, ಪಕ್ಕದ ಫಂಕ್ಷನ್‌ಗೆ ಹಾಗಿತ್ತು, ಇದಕ್ಕೂ ಹಾಗೇ ಇರಬೇಕು ಅಂದುಕೊಂಡೆ. ನನ್ನ ಮಾತು ನಂಬಿದವರ ಪ್ರೋಗ್ರಾಂ ಎರಡು ಸಲ ಫ್ರೀ ಮಾಡಿ ಬಿದ್ದುಹೋಯಿತು. ಡಾಕ್ಸ್ ಇಲ್ಲದಿದ್ದರೆ ಅವರು ಸೋರ್ಸ್ ನೋಡಿ ಸರಿಯಾಗಿ ಮಾಡುತ್ತಿದ್ದರು. ಅವತ್ತಿನಿಂದ, ಓಡಿಸಿ ನೋಡದ ವಾಕ್ಯವನ್ನು ನಾನು ಬರೆಯುವುದಿಲ್ಲ.

ವಿಂಡೋಸ್ ಫೈಲ್ ಇದೆ ಅಂದಿರಿ. ಅಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಜಿಡಿಐನಲ್ಲಿ (ವಿಂಡೋಸ್‌ನ ಚಿತ್ರ ಬಿಡಿಸುವ ಫಂಕ್ಷನ್‌ಗಳ ಗುಂಪು) ಗೆಟ್‌ಡಿಸಿ ಮಾಡಿದರೆ ರಿಲೀಸ್‌ಡಿಸಿ, ಪೆನ್ ಮಾಡಿದರೆ ಡಿಲೀಟ್‌ಆಬ್ಜೆಕ್ಟ್. ಮರೆತರೆ ತಕ್ಷಣ ಏನೂ ಆಗುವುದಿಲ್ಲ. ಒಂದು ಪ್ರೋಸೆಸ್‌ಗೆ ಸಾಮಾನ್ಯವಾಗಿ 10000 ಜಿಡಿಐ ಆಬ್ಜೆಕ್ಟ್ ಮಿತಿ. ಪ್ರತಿ ಸಲ ಬಿಡಿಸುವಾಗ ಒಂದು ಪೆನ್ ಸೋರಿದರೆ, ಸೆಕೆಂಡಿಗೆ 60 ಸಲ ಬಿಡಿಸುವ ಪ್ರೋಗ್ರಾಂ ಸುಮಾರು ಮೂರು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕೆಡುತ್ತದೆ. ಟೆಸ್ಟ್ ಮಾಡಿದವರು ಎರಡನೇ ನಿಮಿಷಕ್ಕೆ ಮುಚ್ಚಿರುತ್ತಾರೆ! ಪೇಂಟ್ ಸಂದೇಶ ಬಂದಾಗ ಬಿಗಿನ್‌ಪೇಂಟ್ ಕರೆಯದೆ ಬಿಟ್ಟರಂತೂ ಆ ಜಾಗ ಇನ್ನೂ ಹಳೆಯದೇ ಅಂತ ತಿಳಿದು ವಿಂಡೋಸ್ ಅದೇ ಸಂದೇಶವನ್ನು ಮತ್ತೆ ಮತ್ತೆ ಕೊಡುತ್ತಲೇ ಇರುತ್ತದೆ. ಚಿತ್ರ ಸರಿಯಾಗೇ ಕಾಣುತ್ತದೆ, ಫ್ಯಾನ್ ಮಾತ್ರ ಕೂಗುತ್ತದೆ.

ಇದಕ್ಕೇ ನಾನು ಲಕ್ಷಣ ಹಿಡಿದು ಹುಡುಕುವ ಪುಟ ಒಂದು ಬರೆಯಿರಿ ಅನ್ನುವುದು. "ವಿಂಡೋ ಬರಲೇ ಇಲ್ಲ", "ಬಣ್ಣ ತಪ್ಪಿದೆ", "ಎಳೆದರೆ ದೊಡ್ಡದಾಗುವುದಿಲ್ಲ", "ಸ್ವಲ್ಪ ಹೊತ್ತಾದ ಮೇಲೆ ಕೆಡುತ್ತದೆ". ಕಷ್ಟದಲ್ಲಿರುವವರಿಗೆ ಫಂಕ್ಷನ್ ಹೆಸರು ಗೊತ್ತಿರುವುದಿಲ್ಲ, ಕಣ್ಣಿಗೆ ಕಂಡದ್ದು ಗೊತ್ತಿರುತ್ತದೆ. ನಿಮ್ಮ ಹಸಿರು ವಿಂಡೋ ಈ ಪುಟದ ಮೊದಲ ಸಾಲು. ಇದನ್ನು ಈಗಲೇ ಬರೆಯಿರಿ, ಆರು ತಿಂಗಳು ಬಿಟ್ಟರೆ ನಿಮಗೆ ಎಲ್ಲಾ ಗೊತ್ತಾಗಿರುತ್ತದೆ, ಆಗ ಏನು ಗೊತ್ತಿರಲಿಲ್ಲ ಅನ್ನುವುದು ಮರೆತುಹೋಗಿರುತ್ತದೆ.

ಉದಾಹರಣೆಗಳನ್ನು ಪುಟದೊಳಗೆ ಟೈಪ್ ಮಾಡಬೇಡಿ. ಬೇರೆ ಫೈಲ್‌ನಲ್ಲಿ ಪೂರ್ತಿ ಪ್ರೋಗ್ರಾಂ ಆಗಿ ಇಟ್ಟು ಪುಟಕ್ಕೆ ಅಲ್ಲಿಂದ ಎಳೆದುಕೊಳ್ಳಿ. ಕೋಡ್ ಸೇರಿಸುವ ಪ್ರತಿ ಕಮಿಟ್‌ಗೂ ಅವು ಕಂಪೈಲ್ ಆಗಿ ಓಡಬೇಕು. ಪರದೆ ಇಲ್ಲದ ಸಿಐ (ಕೋಡನ್ನು ತಾನಾಗಿಯೇ ಪರೀಕ್ಷಿಸುವ) ಯಂತ್ರದಲ್ಲಿ ಹೇಗೆ ಅಂತೀರಾ? ಎಕ್ಸ್‌ವಿಎಫ್‌ಬಿ ಇದೆ, ಅದು ಮೆಮೊರಿಯಲ್ಲೇ ಪರದೆ ಇಟ್ಟುಕೊಂಡ ಎಕ್ಸ್ ಸರ್ವರ್. ವಿಂಡೋ ತೆರೆದು, ಒಂದು ಪಿಕ್ಸೆಲ್ ಓದಿ, ಬಿಳಿ ಇದೆಯೇ ಅಂತ ನೋಡುವ ಟೆಸ್ಟ್ ಬರೆಯಿರಿ, ಸಾಕು.

ಬಿಳಿಹಾಳೆ:

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಂಖ್ಯೆ ಅದಲು ಬದಲು ಮಾಡಿದೆ, ಬಿಳಿ ಬಂತು, ಮೌಸ್ ಸುಮ್ಮನಾಯಿತು, ಎಳೆದರೆ ಬೆಳೆಯುತ್ತದೆ. ಆಮೇಲೆ ಕೆಳಪದರ ಹೇಳಿದ ಹಾಗೆ ಒಂದೊಂದೇ ಕೆಡಿಸುತ್ತಾ ಕೂತೆ. ಇದು ಇಷ್ಟು ಮಜಾ ಇರುತ್ತದೆ ಅಂದುಕೊಂಡಿರಲಿಲ್ಲ.

ಲಕ್ಷಣಗಳ ಪುಟ ಶುರು ಮಾಡಿದ್ದೇನೆ. ಮೊದಲ ಕೆಲವು ಸಾಲು ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ಹೇಳಿ:

"ವಿಂಡೋ ಬಣ್ಣ ನೀವು ಕೊಟ್ಟದ್ದಲ್ಲ, ಕೇಳದ ಈವೆಂಟ್‌ಗಳು ಬರುತ್ತಿವೆ: ಬೆಲೆಗಳ ಅರೇ ಬಿಟ್ ಕ್ರಮದಲ್ಲಿ ಇಲ್ಲ. ಚಿಕ್ಕ ಬಿಟ್‌ನ ಬೆಲೆ ಮೊದಲು ಬರಬೇಕು.

ಪ್ರೋಗ್ರಾಂ ಓಡುತ್ತಿದೆ, ವಿಂಡೋ ಇಲ್ಲ: ಮ್ಯಾಪ್ ಮಾಡಿದ (ವಿಂಡೋ ತೋರಿಸಲು ಹೇಳಿದ) ಮೇಲೆ ಫ್ಲಶ್ ಕರೆದಿದ್ದೀರಾ ನೋಡಿ.

ಮೆಮೊರಿ ನಿಧಾನವಾಗಿ ಏರುತ್ತಿದೆ: ಪ್ರತಿ ಈವೆಂಟ್ ಪಾಯಿಂಟರ್ ನಿಮ್ಮದು. ನೋಡಿ ಮುಗಿದ ಮೇಲೆ ಫ್ರೀ ಮಾಡಿ.

ಸರ್ವರ್‌ಗೆ ಸಂಪರ್ಕ ಸಿಗದಿದ್ದರೆ: ಕನೆಕ್ಟ್ ಫಂಕ್ಷನ್ ನಲ್ ಕೊಡುತ್ತದೆ, ಅದನ್ನು ಪರೀಕ್ಷಿಸಿ."

ಮೊದಲ ಮೂರು ಓಡಿಸಿ ನೋಡಿದ್ದು. ಕೊನೆಯದು ಲೈಬ್ರರಿ ಕೋಡಿನಲ್ಲಿ ಹಾಗೇ ಪರೀಕ್ಷೆ ಮಾಡಿದ್ದಾರೆ, ಅದನ್ನು ನೋಡಿ ಬರೆದೆ.

ಕೆಳಪದರ:

ಓಡಿಸದೇ ಬರೆದ ಕೊನೆಯದೇ ತಪ್ಪು ನೋಡಿ. ಎಕ್ಸ್‌ಸಿಬಿ ಕನೆಕ್ಟ್ ಎಂದೂ ನಲ್ ಕೊಡುವುದಿಲ್ಲ. ಸಂಪರ್ಕ ಸಿಗದಿದ್ದರೂ ಒಂದು ಪಾಯಿಂಟರ್ ಬರುತ್ತದೆ. ಅದನ್ನು ಕನೆಕ್ಷನ್ ಹ್ಯಾಸ್ ಎರರ್ ಅನ್ನುವ ಫಂಕ್ಷನ್‌ಗೆ ಕೊಟ್ಟು, ಸೊನ್ನೆ ಬಿಟ್ಟು ಬೇರೆ ಏನಾದರೂ ಬಂದರೆ ಸಂಪರ್ಕ ಇಲ್ಲ ಅಂತ ತಿಳಿಯಬೇಕು. ಎರರ್ ಇದ್ದರೂ ಡಿಸ್ಕನೆಕ್ಟ್ ಕರೆಯಬೇಕು, ಇಲ್ಲದಿದ್ದರೆ ಆ ಮೆಮೊರಿ ಉಳಿದುಬಿಡುತ್ತದೆ. ಹಾಗಾದರೆ ನಿಮ್ಮ ಲೈಬ್ರರಿಯ ಆ ಪರೀಕ್ಷೆ ಯಾವತ್ತೂ ಕೆಲಸ ಮಾಡಿಲ್ಲ. ಯಾವ ಎಕ್ಸ್ ಸರ್ವರ್ ಅಂತ ಹೇಳುವ ಡಿಸ್‌ಪ್ಲೇ ಎನ್ವಿರಾನ್‌ಮೆಂಟ್ ವೇರಿಯಬಲ್ ಖಾಲಿ ಮಾಡಿ ಓಡಿಸಿ ನೋಡಿ.

ಬಿಳಿಹಾಳೆ:

ಓಡಿಸಿದೆ. ಪರೀಕ್ಷೆ ದಾಟಿ ಹೋಗಿ ಸ್ಕ್ರೀನ್ ಮಾಹಿತಿ ಓದುವ ಕಡೆ ಸೆಗ್‌ಫಾಲ್ಟ್. ಪುಟದ ಸಾಲು ತಿದ್ದಿದೆ, ಲೈಬ್ರರಿಗೆ ಪ್ಯಾಚ್ ಕಳಿಸುತ್ತಿದ್ದೇನೆ. ವೇಲ್ಯಾಂಡ್‌ನ ಕನೆಕ್ಟ್ ಕೂಡ ಹೀಗೇನಾ?

ಎಕ್ಸ್‌ಎಂಎಲ್‌ಪ್ರಿಯ:

ಇಲ್ಲ, ಅದು ನಲ್ ಕೊಡುತ್ತದೆ. ಪುಟದಲ್ಲಿ ಎರಡನ್ನೂ ಪಕ್ಕ ಪಕ್ಕ ಬರೆಯಿರಿ, ಈ ಫೈಲ್‌ನಿಂದ ಆ ಫೈಲ್‌ಗೆ ಹೋಗುವವರು ಖಂಡಿತ ಮುಗ್ಗರಿಸುತ್ತಾರೆ.